ಪರದೆಯ ಮುಂದಿನ ಕೈ

30 ಸೆಪ್ಟೆಂಬರ್ 2006, ಶನಿವಾರ

ಶ್ರೀ ಆಂಜನೇಯಸ್ವಾಮಿ ಪ್ರಸನ್ನ.

ಇವರಿಗೆ ಪ್ರೆಸ್ಸಿನಿಂದ ಪ್ರತಿ ವರ್ಷ ಒಂದು ಡೈರಿ ಕೊಡುತ್ತಿದ್ದರು. ಈ ವರ್ಷದ್ದರಲ್ಲಿ ಜುಲೈವರೆಗೆ ಇವರ ಅಕ್ಷರ ಇದೆ. ಗ್ಯಾಸು ಬಂತು, ಬಿ.ಪಿ. ಮಾತ್ರೆ ತಂದೆ, ಯಶು ತಡವಾಗಿ ಬಂದಳು, ಅಷ್ಟೇ. ಆಮೇಲೆ ಖಾಲಿ. ಖಾಲಿ ಹಾಳೆ ಎಸೆಯುವುದು ಇವರಿಗೆ ಆಗುತ್ತಿರಲಿಲ್ಲ. ಅದಕ್ಕೆ ನಾನು ಬರೆಯುತ್ತಿದ್ದೇನೆ. ಊರಿನ ಶಾಲೆಯ ಏಳನೇ ಕ್ಲಾಸಿನ ಅಕ್ಷರ. ನೋಡುವವರು ಯಾರೂ ಇಲ್ಲ.

ವರ್ಷ ತುಂಬುವ ತನಕ ನಮ್ಮ ಮನೆಯಲ್ಲಿ ಹಬ್ಬ ಇಲ್ಲ. ನಾಳೆ ಆಯುಧಪೂಜೆ, ಈಳಿಗೆಮಣೆಗೂ ಕುಂಕುಮ ಇಡುವಂತಿಲ್ಲ. ಯಶು ತನ್ನ ಆಫೀಸಿನಲ್ಲಿ ಇವತ್ತೇ ಪೂಜೆ ಇದೆ, ನೀನೂ ಬಾ ಅಂದಳು.

"ನಾನ್ಯಾಕೆ ಬರ್ಲಿ ಅಲ್ಲಿಗೆ?"

"ಅಲ್ಲಿರೋ ಹುಡುಗ್ರಿಗೆ ಊದಿನಕಡ್ಡಿ ಹಚ್ಚೋದು ಬಿಟ್ರೆ ಏನೂ ಬರಲ್ಲಮ್ಮ. ದೂರ ನಿಂತ್ಕೊಂಡು ಹೇಳ್ಕೊಡು ಸಾಕು. ಮನೇಲಿ ಒಬ್ಳೇ ಗೋಡೆ ನೋಡ್ಕೊಂಡು ಕೂರ್ಬೇಡ."

ಹೋದೆ. ಗಾಂಧಿ ಬಜಾರಿನ ಹಿಂದಿನ ರಸ್ತೆಯಲ್ಲಿ ಸೀರೆ ಅಂಗಡಿಯ ಮೇಲಿನ ಮಹಡಿ. ಎಲ್ಲ ಚಿಕ್ಕ ವಯಸ್ಸಿನವರು. ಕಂಪ್ಯೂಟರಿನಲ್ಲಿ ಆಡುವ ಆಟ ತಯಾರು ಮಾಡುತ್ತಾರೆ. ಆಟ ವಿದೇಶದ ಯಾವುದೋ ದೊಡ್ಡ ಕಂಪನಿಯದು, ಅದರೊಳಗೆ ಬರುವ ಕೋಟೆ, ಕಾಡು, ರಾಕ್ಷಸರನ್ನು ಇವರು ಮಾಡಿಕೊಡುತ್ತಾರೆ. ಯಶುವಿನದು ಕಲ್ಲಿನ ಕೆಲಸ. ಗೋಡೆ, ಕಂಬ, ಮೆಟ್ಟಿಲು, ಅದರ ಮೇಲಿನ ಪಾಚಿ. ಎರಡು ವರ್ಷದಿಂದ ಪಾಚಿ ಬರೆಯುತ್ತಿದ್ದಾಳೆ.

ಮಾಲೀಕ ರಾಘವ ಅಂತ, ಮೂವತ್ತೈದು ದಾಟಿಲ್ಲ. ಒಳ್ಳೆಯ ಹುಡುಗ. ಎಲ್ಲ ಮಷೀನಿಗೂ ಸೇವಂತಿಗೆ ಹಾಕಿ ಮುಗಿಸಿದ ಮೇಲೆ, "ಅಮ್ಮ, ಆರತಿ ನೀವೇ ಮಾಡಿ" ಅಂದ. ನಾನು ಕೈ ಸೆರಗಿನೊಳಗೆ ಎಳೆದುಕೊಂಡೆ. ಅವನಿಗೆ ಅರ್ಥವಾಗಲಿಲ್ಲ. ಯಶು ತಟ್ಟೆ ತಂದು ನನ್ನ ಮುಂದೆ ಹಿಡಿದಳು. "ಮಾಡಮ್ಮ. ಇಲ್ಲಿ ಯಾರೂ ಏನೂ ಅನ್ನಲ್ಲ."

ಮಷೀನುಗಳೆಲ್ಲ ಆರಿಸಿದ್ದರು. ಇವರ ಪ್ರೆಸ್ಸಿನಲ್ಲಿ ಹಾಗಿರಲಿಲ್ಲ. ನಿಂತ ಮಷೀನಿಗೆ ಆರತಿ ಮಾಡಬಾರದು, ಒಂದು ಶೀಟಾದರೂ ಓಡುತ್ತಿರಬೇಕು ಅನ್ನುತ್ತಿದ್ದರು ಇವರು. ಇಪ್ಪತ್ತೈದು ವರ್ಷ ನಾನು ಓಡುವ ಮಷೀನಿಗೇ ಆರತಿ ಎತ್ತಿದವಳು. ಅದೇ ಅಭ್ಯಾಸದಲ್ಲಿ, "ಒಂದಾದ್ರೂ ಆನ್ ಮಾಡ್ರಪ್ಪ, ಕತ್ತಲೆಗೆ ಏನು ಬೆಳಗ್ಲಿ" ಅಂದೆ. ರಾಘವ ನಕ್ಕು ಯಶುವಿನ ಮಷೀನನ್ನೇ ಆನ್ ಮಾಡಿದ. ದೊಡ್ಡ ಕೋಟೆ ಬಂತು. ಅದಕ್ಕೆ ಆರತಿ ಮಾಡಿದೆ. ಹುಡುಗರು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು.

ಹೊರಗೆ ಕುಂಬಳಕಾಯಿ ಒಡೆದರು. ಪುರಿ, ಬಾಳೆಹಣ್ಣು ಕೊಟ್ಟರು. ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡೆ. ಏನೂ ಅನ್ನಿಸಲಿಲ್ಲ.


2 ಅಕ್ಟೋಬರ್, ಸೋಮವಾರ

ಶ್ರೀ ಆಂಜನೇಯಸ್ವಾಮಿ ಪ್ರಸನ್ನ.

ವಿಜಯದಶಮಿ. ಪಕ್ಕದ ಮನೆಯವರು ಬನ್ನಿ ಕೊಡಲು ಬಂದು, ನೆನಪಾಗಿ, ಬಾಗಿಲಿನಲ್ಲೇ ಮಾತಾಡಿಸಿ ಹೋದರು. ಉಪ್ಪಿಟ್ಟು ಮಾಡಿದೆ. ಉಪ್ಪು ಹಾಕಿರಲಿಲ್ಲ ಅಂತ ಯಶು ಅರ್ಧ ತಿಂದ ಮೇಲೆ ಹೇಳಿದಳು. ನಾನೂ ತಿಂದಿದ್ದೆ, ಗೊತ್ತಾಗಿರಲಿಲ್ಲ.

ಸಂಜೆ ಇವರಿಗೆ ಒಂದು ಫೋನು ಬಂತು, ಯಾರೋ ಲಗ್ನಪತ್ರಿಕೆ ಪ್ರಿಂಟು ಮಾಡಿಸುವವರು. ಯಶು ತೆಗೆದುಕೊಂಡು, "ಅಪ್ಪ ಮನೇಲಿಲ್ಲ" ಅಂತ ಇಟ್ಟಳು. ಹೋದ ತಿಂಗಳೂ ಹಾಗೇ ಅಂದಿದ್ದಳು. ನಾನು ಕೇಳಲಿಲ್ಲ.


5 ಅಕ್ಟೋಬರ್, ಗುರುವಾರ

ಶ್ರೀ ಆಂಜನೇಯಸ್ವಾಮಿ ಪ್ರಸನ್ನ.

ಯಶು ಬಂದವಳೇ ಚಪ್ಪಲಿ ಹಾಕಿಕೊಂಡೇ ಒಳಗೆ ಕೂತಳು.

"ಆಟದ ಚಿತ್ರ ಹೊರಗೆ ಹೋಗ್ಬಿಟ್ಟಿದೆಯಮ್ಮ. ಇಂಟರ್ನೆಟ್ಟಲ್ಲೆಲ್ಲ ಅದೇ."

"ಹೋದ್ರೇನಾಯ್ತು? ಚೆನ್ನಾಗಿದೆಯಲ್ಲ ಕೋಟೆ."

"ಡಿಸೆಂಬರ್ ತನಕ ಯಾರಿಗೂ ತೋರಿಸ್ಬಾರ್ದು ಅಂತ ಒಪ್ಪಂದ ಇದೆ. ಆಟದ ಹೆಸ್ರು ಕೂಡ ಹೇಳೋ ಹಾಗಿಲ್ಲ. ನಂಗೆ ಕೆಲ್ಸ ಸಿಕ್ಕಾಗ ಅಪ್ಪಂಗೂ ಹೇಳಿರ್ಲಿಲ್ಲ."

ಯಾವ ಚಿತ್ರ ಅಂತ ಕೇಳಿದೆ. ಪೂಜೆ ದಿನದ್ದು ಅಂದಳು. ಹೂವಿನ ಹಾರ, ಅದರ ಹಿಂದೆ ಕೋಟೆ. ಯಾರ ಮೊಬೈಲಿನಿಂದ ಹೋಯಿತು ಅಂತ ಗೊತ್ತಿಲ್ಲ. ರಾಘವ ಎಲ್ಲರನ್ನೂ ಕೂರಿಸಿ ಕೇಳಿದನಂತೆ. ಯಾರೂ ಬಾಯಿ ಬಿಡಲಿಲ್ಲವಂತೆ.

ಆನ್ ಮಾಡಿ ಅಂದವಳು ನಾನು. ಅದನ್ನು ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅನ್ನ ತಣ್ಣಗಾಗುತ್ತೆ, ಏಳು ಅಂದೆ.


7 ಅಕ್ಟೋಬರ್, ಶನಿವಾರ

ಇವತ್ತು ಅವಳು ಹೇಳಿದ್ದು ನನಗೆ ಪೂರ್ತಿ ತಲೆಗೆ ಹೋಗಲಿಲ್ಲ. ತಿಳಿದಷ್ಟು ಬರೆಯುತ್ತೇನೆ.

ಈ ಆಟಕ್ಕೆ ಲೋಕವೆಲ್ಲ ಅಭಿಮಾನಿಗಳು. ಹಿಂದಿನ ಭಾಗ ಬಂದು ಎಷ್ಟೋ ವರ್ಷವಾಗಿ, ಮುಂದಿನದಕ್ಕೆ ಕಾಯುತ್ತಿದ್ದಾರೆ. ಅವರದೇ ಒಂದು ಜಾಗ ಇದೆ ಇಂಟರ್ನೆಟ್ಟಿನಲ್ಲಿ, ಜಗಲಿಕಟ್ಟೆ ಇದ್ದಂತೆ, ಎಲ್ಲ ಅಲ್ಲಿ ಸೇರಿ ಮಾತಾಡುತ್ತಾರೆ. ಚಿತ್ರ ನೋಡಿ ಅವರಿಗೆ ಖುಷಿಯಾಗಿದೆ ಅಂದುಕೊಂಡೆ. ಇಲ್ಲವಂತೆ. ಅವರು ಹೇಳುವುದು, ಇದು ಕಳವೇ ಅಲ್ಲ, ಕಂಪನಿಯವರೇ ಬೇಕೂಂತ ಬಿಟ್ಟದ್ದು, ಪ್ರಚಾರಕ್ಕೆ ಆಡಿದ ನಾಟಕ.

"ಯಾಕೆ ಹಾಗಂತಾರೆ?"

"ಮುಂಚೆ ಬೇರೆಯವ್ರು ಹಂಗೆ ಮಾಡಿದಾರೆ ಅಂತಾರೆ. ತಾವೇ ಹೊರಗೆ ಬಿಟ್ಟು, ಕದ್ದೋಯ್ತು ಅಂತ ಬಾಯಿ ಬಡ್ಕೊಂಡ್ರಂತೆ. ಈಗ ಏನು ಬಂದ್ರೂ ಇವ್ರಿಗೆ ಅನುಮಾನಾನೇ. ಕದ್ದು ತೆಗ್ದ ಫೋಟೋ ಅಂದ್ರೆ ಮಸುಕು ಮಸುಕಾಗಿರ್ಬೇಕಂತೆ. ಇದ್ರಲ್ಲಿ ಹೂವು, ಕುಂಕುಮ, ದೀಪದ ಬೆಳಕು, ಎಲ್ಲ ಕ್ಯಾಲೆಂಡರ್ ಥರ ಇದೆಯಂತೆ. ಇಂಡಿಯಾ ಅಂತ ತೋರ್ಸೋಕೆ ಸೆಟ್ ಹಾಕಿದಾರೆ ಅಂತಾರೆ."

"ಪೂಜೆ ಅಂದ್ಮೇಲೆ ಹೂವು ಇರಲ್ವೇನೆ?"

"ಅದು ನಿಂಗೊತ್ತು ನಂಗೊತ್ತು, ಅವ್ರಿಗೇನ್ ಗೊತ್ತು."

ಇವರಿದ್ದರೆ ನಗುತ್ತಿದ್ದರು. ಸೇವಂತಿಗೆ ಹಾರ ಪೂಜೆಯ ಬೆಳಗ್ಗೆ ನಾನೇ ಚೌಕಾಸಿ ಮಾಡಿ ತಂದದ್ದು.


9 ಅಕ್ಟೋಬರ್, ಸೋಮವಾರ

ಶ್ರೀರಾಂಪುರದಿಂದ ಸರಸ್ವತಕ್ಕ ಬಂದಿದ್ದರು. ಇವರ ಅಣ್ಣನ ಹೆಂಡತಿ, ನನಗೆ ಓರಗಿತ್ತಿ. ನೀರು ಕೂಡ ಕುಡಿಯದೆ ಶುರು ಮಾಡಿದರು.

"ಏನೇ ದಾಕ್ಷಾಯಣಿ, ಮೂರು ತಿಂಗಳಾಗಿಲ್ಲ ಅವ್ನು ಹೋಗಿ, ಕಂಡೋರ ಆಫೀಸಲ್ಲಿ ಆರತಿ ಎತ್ತಿದ್ಯಂತೆ?"

"ಯಾರಂದ್ರು?"

"ಯಾರು ಅನ್ಬೇಕು? ನಮ್ಮ ಮಂಜ ಹಗಲೂ ರಾತ್ರಿ ಆ ಕಂಪ್ಯೂಟ್ರಲ್ಲಿ ಬಡ್ಕೊಳ್ತಾ ಕೂತಿರ್ತಾನೆ. ನಿನ್ನೆ ಒಂದು ಫೋಟೋ ನೋಡ್ತಿದ್ದ, ನಾನು ಕಾಫಿ ಕೊಡೋಕೆ ಹೋದೆ. ಬರೀ ಕೈ ಇದೆ. ಹೆಬ್ಬೆಟ್ಟಿನ ಹತ್ರ ಕುಡುಗೋಲು ತಾಗಿರೋ ಗಾಯ. ನಿನ್ನ ಕೈ ನಂಗೆ ಗೊತ್ತಾಗಲ್ವೇನೇ? ಮೂವತ್ತು ವರ್ಷ ಒಂದೇ ಒಲೆ ಮುಂದೆ ಕೂತಿದೀವಿ."

ನಾನು ನೀರಿನ ಲೋಟ ಅಕ್ಕನ ಹತ್ತಿರ ಸರಿಸಿದೆ.

"ಆ ಹುಡುಗರ ಕಂಪನಿಗೆ ಕೇಡಾಗಿದೆಯಂತಲ್ಲ. ಆಗದೆ ಇರುತ್ತಾ? ಈ ಕೈಯಲ್ಲಿ ಬೆಳಗಿದ್ರೆ?"

ಕೊನೆಯ ಮಾತು ಆಡಿದ ಮೇಲೆ ಅಕ್ಕನಿಗೇ ಹೇಗೋ ಆಯಿತು. ತಂದಿದ್ದ ನುಗ್ಗೇಕಾಯಿ ತೆಗೆದಿಟ್ಟು, "ಸಾರು ಮಾಡ್ಕೊಳಿ, ಸೊರಗಿದೀಯ" ಅಂತ ಹೊರಟುಹೋದರು. ಹನ್ನೊಂದನೇ ದಿನ ನನ್ನ ಬಳೆ ತೆಗೆದದ್ದೂ ಅಕ್ಕನೇ. ಅವತ್ತು ಅತ್ತದ್ದು ಅವರು, ನಾನಲ್ಲ.

ನುಗ್ಗೇಕಾಯಿ ಎಳೆಯದಾಗಿತ್ತು.


10 ಅಕ್ಟೋಬರ್, ಮಂಗಳವಾರ

ಆ ಫೋಟೋ ನೋಡಬೇಕು ಅಂದೆ. ಯಶುವಿಗೆ ಇಷ್ಟವಿರಲಿಲ್ಲ. ಆದರೂ ಸಂಜೆ ಐವತ್ತಡಿ ರಸ್ತೆಯ ಸೈಬರ್ ಸೆಂಟರಿಗೆ ಕರೆದುಕೊಂಡು ಹೋದಳು. ಮಂಗಳವಾರ, ಗುಡ್ಡದ ಆಂಜನೇಯನ ಗುಡಿಗೆ ಹೋಗಬೇಕಾದ ಹೊತ್ತು.

ನನ್ನ ಮುಖ ಇಲ್ಲ. ಯಾರೋ ಕತ್ತರಿಸಿದ್ದಾರೆ. ಆರತಿ ತಟ್ಟೆ, ಬಲಗೈ, ಮಣಿಕಟ್ಟಿನ ಮೇಲೆ ಸ್ವಲ್ಪ. ಹಾರ. ಕೋಟೆ. ನನ್ನದು ಅಂತ ಗೊತ್ತಿರದಿದ್ದರೆ ಯಾರದೋ ವಯಸ್ಸಾದವರ ಕೈ ಅಂದುಕೊಳ್ಳುತ್ತಿದ್ದೆ.

ಕೆಳಗೆ ಉದ್ದಕ್ಕೆ ಬರೆದಿದ್ದರು. ಏನು ಬರೆದಿದ್ದಾರೆ ಅಂದೆ. ಬಿಡಮ್ಮ ಅಂದಳು. ಬರೆದದ್ದು ಓದೋಕೆ ತಾನೆ, ಓದು ಅಂದೆ. ಇಂಗ್ಲಿಷಿನಲ್ಲಿ ನೋಡಿಕೊಂಡು ಕನ್ನಡದಲ್ಲಿ ಹೇಳಿದಳು, ಅಂಗಡಿಯವನಿಗೆ ಕೇಳದ ಹಾಗೆ.

ಎಲ್ಲೆಲ್ಲಿಯವರೋ ಬರೆದಿದ್ದಾರೆ. ಒಬ್ಬ ನಮ್ಮ ಬೆಂಗಳೂರಿನವನೇ. ಅವನು ಹೇಳುತ್ತಾನೆ: ನೋಡಿ, ಆರತಿ ಎತ್ತುತ್ತಿರುವ ಹೆಂಗಸಿನ ಕೈಯಲ್ಲಿ ಒಂದು ಬಳೆಯೂ ಇಲ್ಲ. ನಮ್ಮ ಕಡೆ ಯಾವ ಹೆಂಗಸೂ ಬರಿಗೈಯಲ್ಲಿ ಆರತಿ ಹಿಡಿಯುವುದಿಲ್ಲ. ಶೂಟಿಂಗಿಗೆ ಕರೆಸಿದ ಯಾರೋ ನಟಿ, ಬಳೆ ಹಾಕಿಸುವುದು ಮರೆತಿದ್ದಾರೆ, ಸಿಕ್ಕಿಬಿದ್ದರು. ಅದಕ್ಕೆ ಎಲ್ಲರೂ ಭೇಷ್ ಅಂದಿದ್ದಾರೆ. ಇನ್ನೊಬ್ಬ, ಗಾಯ ಕೂಡ ಮೇಕಪ್ಪು, ಹಳ್ಳಿಯವಳು ಅಂತ ತೋರಿಸಲು ಅಂಟಿಸಿದ್ದಾರೆ ಅಂದಿದ್ದಾನೆ.

"ಏಳನೇ ಕ್ಲಾಸಲ್ಲಿ ಹುಲ್ಲು ಕುಯ್ಯುವಾಗ ಆಗಿದ್ದು ಅಂತ ಬರಿ" ಅಂದೆ. ಯಶು ಬರೆಯಲಿಲ್ಲ. ಅವಳು ಅಳುತ್ತಿದ್ದಳು. ನನಗೆ ಅಳು ಬರಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಬರಿಗೈಯಲ್ಲಿ ಯಾರೂ ಹಿಡಿಯುವುದಿಲ್ಲ.

ಗುಡಿ ಬಾಗಿಲು ಹಾಕಿತ್ತು. ಮೆಟ್ಟಿಲ ಹತ್ತಿರ ನಿಂತು ಬಂದೆವು.


13 ಅಕ್ಟೋಬರ್, ಶುಕ್ರವಾರ

ರಾಘವ ಮನೆಗೆ ಬಂದಿದ್ದ. ಗಡ್ಡ ಬಿಟ್ಟಿದ್ದ. ಕಾಫಿ ಕೊಟ್ಟೆ. ಯಶು ಅಡುಗೆಮನೆ ಬಾಗಿಲಿಗೆ ಒರಗಿ ನಿಂತಿದ್ದಳು.

"ಅಮ್ಮ, ವಿಷಯ ಕೈ ಮೀರ್ತಿದೆ. ಆ ಕಂಪನಿಯವ್ರೂ ಈಗ ಅಭಿಮಾನಿಗಳ ಮಾತೇ ನಂಬ್ತಿದಾರೆ. ನಮ್ಮ ಹೆಸ್ರು ಬೆಳೆಸ್ಕೊಳ್ಳೋಕೆ ನಾವೇ ಬೇಕೂಂತ ಬಿಟ್ವಿ ಅಂತಾರೆ. ಕೈ ತಪ್ಪಿ ಹೋಗಿದ್ರೆ ಬಯ್ದು ಬಿಡ್ತಾರೆ. ಬೇಕೂಂತ ಮಾಡಿದ್ರೆ ಒಪ್ಪಂದ ಮುರೀತು, ಕೆಲ್ಸ ಬೇರೆ ದೇಶಕ್ಕೆ ಹೋಗತ್ತೆ. ನಾನು ಬಾಗಿಲು ಹಾಕ್ಬೇಕಾಗತ್ತೆ."

"ಇಷ್ಟು ಹುಡುಗರ ಕೆಲ್ಸಾನಾ?"

"ಎಲ್ಲಾರ್ದೂ. ನಾಟಕ ಅಲ್ಲ ಅಂತ ನಾನು ಹೇಗೆ ತೋರಿಸ್ಲಿ, ನೀವೇ ಹೇಳಿ. ಯಾರು ಹಾಕಿದ್ದು ಅಂತ ಗೊತ್ತಾದ್ರೆ, ಪೂರ್ತಿ ಫೋಟೋ ಸಿಕ್ಕಿದ್ರೆ, ಹೀಗಾಯ್ತು ಅಂತ ಹೇಳ್ಬೋದು. ಯಾರೂ ಒಪ್ಕೊಳ್ತಿಲ್ಲ."

ಅವನು ಕಾಫಿ ಕುಡಿಯಲೇ ಇಲ್ಲ. ಹೋಗುವಾಗ ಇವರ ಫೋಟೋ ನೋಡಿ ಒಂದು ಗಳಿಗೆ ನಿಂತ. ಆಮೇಲೆ ನನ್ನ ಕೈ ನೋಡಿದ. ಅವತ್ತು ಅರ್ಥವಾಗದ್ದು ಇವತ್ತು ಆಗಿರಬೇಕು. ಕೈ ಮುಗಿದು ಮೆಟ್ಟಿಲಿಳಿದ.

ಯಶು ಊಟ ಬೇಡ ಅಂದಳು.


14 ಅಕ್ಟೋಬರ್, ಶನಿವಾರ

ಏನೂ ಇಲ್ಲ. ಅಕ್ಕಿ ಆರಿಸಿದೆ.


16 ಅಕ್ಟೋಬರ್, ಸೋಮವಾರ

ಬೆಳಗ್ಗೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಯಶು ಬಂದು ಎದುರಿಗೆ ಕೂತು ತಾನೂ ಒಂದು ಕಟ್ಟು ಬಿಚ್ಚಿದಳು. ಆಫೀಸಿಗೆ ಹೊತ್ತಾಗಲಿಲ್ಲವೇನೆ ಅಂದೆ.

"ಅಮ್ಮ, ಅದನ್ನ ಹಾಕಿದ್ದು ನಾನು."

ನಾನು ಸೊಪ್ಪು ಬಿಡಿಸುತ್ತಲೇ ಇದ್ದೆ.

"ಆರ್ಕುಟ್ಟಲ್ಲಿ ನಂದೊಂದು ಜಾಗ ಇದೆ. ಕಸಿನ್ಸ್, ಕಾಲೇಜ್ ಫ್ರೆಂಡ್ಸ್ ನೋಡ್ತಾರೆ, ಅಷ್ಟೇ. ಅಲ್ಲಿ ಹಾಕ್ದೆ. ಅಪ್ಪ ಹೋದ್ಮೇಲೆ ಅಮ್ಮ ಮೊದಲ್ನೇ ಸಲ ಆರತಿ ಹಿಡಿದ್ಲು ಅಂತ ಬರೆದಿದ್ದೆ. ಮಾರನೇ ದಿನ ತೆಗ್ದೂ ಬಿಟ್ಟೆ. ಅಷ್ಟರಲ್ಲಿ ಯಾರೋ ಎತ್ಕೊಂಡು, ನಿನ್ನ ಕತ್ತರಿಸಿ ಬಿಸಾಕಿ, ಕೋಟೆ ಮಾತ್ರ ಇಟ್ಕೊಂಡು ಹಂಚಿದಾರೆ."

"ಹಿಂದೆ ಕೋಟೆ ಇದ್ದದ್ದು ಕಾಣ್ಲಿಲ್ವಾ ನಿಂಗೆ?"

"ಎರಡು ವರ್ಷದಿಂದ ನೋಡಿ ನೋಡಿ ಅದು ನನ್ನ ಕಣ್ಣಿಗೆ ಬೀಳೋದೇ ಇಲ್ಲಮ್ಮ. ನಾನು ನಿನ್ನ ನೋಡ್ದೆ. ನಿನ್ನ ಮುಖದ ಮೇಲೆ ಬೆಳಕಿತ್ತು."

ಮೊಬೈಲಿನಲ್ಲಿ ತೋರಿಸಿದಳು. ಪೂರ್ತಿ ಫೋಟೋ. ಅದರಲ್ಲಿ ಅಂಚಿಗೆ ನಾನಿದ್ದೇನೆ. ಏನೋ ಹೇಳುತ್ತಿರುವ ಹಾಗೆ ಬಾಯಿ ತೆರೆದಿದೆ. ಹುಡುಗರು ನಗುತ್ತಿದ್ದಾರೆ. ನನ್ನ ಮುಖ ಹೀಗಿದೆ ಅಂತ ಗೊತ್ತಿರಲಿಲ್ಲ.

"ಇವತ್ತೇ ರಾಘವನಿಗೆ ಹೇಳು" ಅಂದೆ.

"ಹೇಳಿದ್ರೆ ನನ್ನ ಕೆಲ್ಸ ಹೋಗತ್ತೆ. ಮನೆ ಹೇಗಮ್ಮ?"

"ಹೇಳ್ದಿದ್ರೆ ಎಲ್ಲಾರ್ದೂ ಹೋಗತ್ತೆ. ನಡಿ, ನಾನೂ ಬರ್ತೀನಿ."

"ನೀನ್ಯಾಕೆ?"

"ಆನ್ ಮಾಡ್ರಪ್ಪ ಅಂದೋಳು ನಾನಲ್ವಾ."

ಸೊಪ್ಪು ಹಾಗೇ ಬಿಟ್ಟು ಹೊರಟೆವು. ದೇವರಿಗೆ ದೀಪ ಹಚ್ಚಿದೆನೋ ಇಲ್ಲವೋ, ಈಗ ನೆನಪಾಗುತ್ತಿಲ್ಲ.


18 ಅಕ್ಟೋಬರ್, ಬುಧವಾರ

ಮೊನ್ನೆ ಯಶು ಹೇಳಿದಾಗ ರಾಘವ ಬಯ್ಯಲಿಲ್ಲ. ತಲೆ ಹಿಡಿದುಕೊಂಡು ಕೂತ. ಆಮೇಲೆ ಆ ಕಂಪನಿಯವರಿಗೆ ಬರೆದ. ಅವರು, ಮಾತಾಡಬೇಕು, ಆ ಹೆಂಗಸು ಬರಲಿ ಅಂದರಂತೆ. ಆ ಹೆಂಗಸು ಅಂದರೆ ನಾನು.

ಸಂಜೆ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂರಿಸಿದರು. ಸಣ್ಣ ಕ್ಯಾಮೆರಾ. ಪರದೆಯಲ್ಲಿ ಒಬ್ಬ ಬಿಳಿಯ. ದೊಡ್ಡ ಸಾಹೇಬ ಅಂದುಕೊಂಡಿದ್ದೆ, ಟೀ ಶರ್ಟು ಹಾಕಿದ್ದ, ಹಿಂದೆ ಗೋಡೆಗೆ ಸೈಕಲ್ಲು ಒರಗಿಸಿತ್ತು. ಅವನು ಮಾತಾಡಿದ್ದು ನಡುನಡುವೆ ನಿಂತು ನಿಂತು ಬರುತ್ತಿತ್ತು. ಯಶು ನನಗೆ ಹೇಳುವಳು, ನಾನು ಹೇಳಿದ್ದನ್ನು ಅವನಿಗೆ ಹೇಳುವಳು.

ಪೂಜೆಯ ಹೊತ್ತಿಗೆ ಮಷೀನು ಆರಿಸುತ್ತೀರಂತೆ, ಅದೊಂದೇ ಯಾಕೆ ಆನ್ ಆಗಿತ್ತು ಅಂತ ಕೇಳಿದ. ಇವರ ಪ್ರೆಸ್ಸಿನ ವಿಷಯ ಹೇಳಿದೆ. ನಿಂತ ಮಷೀನಿಗೆ ಮಾಡಬಾರದು, ಒಂದು ಶೀಟಾದರೂ ಓಡಬೇಕು. ಯಾವ ಮಷೀನು ಅಂದ. ಹೈಡೆಲ್‌ಬರ್ಗ್ ಅಂದೆ, ಜರ್ಮನಿಯದು. ಅದು ಅವನಿಗೆ ಯಶು ಹೇಳುವ ಮುಂಚೆಯೇ ತಿಳಿಯಿತು, ತಲೆಯಾಡಿಸಿದ.

ಆಮೇಲೆ ಒಂದು ಪ್ರಶ್ನೆ ಕೇಳಿದ. ಯಶು ನನಗೆ ಹೇಳಲಿಲ್ಲ. ರಾಘವ ನೆಲ ನೋಡಿದ.

"ಏನಂತೆ?"

"ಏನಿಲ್ಲಮ್ಮ."

"ಹೇಳೇ. ಬಳೆ ಬಗ್ಗೆ ತಾನೆ?"

ಯಶು ಪರದೆಯ ಕಡೆ ತಿರುಗಿದಳು. ಮೈ ಫಾದರ್ ಡೈಡ್ ಅಂದಳು. ಡೈಡ್ ಇನ್ ಜುಲೈ.

ಫಾದರ್ ಅಂದರೆ ನನಗೆ ಗೊತ್ತು. ಇನ್ನೊಂದು ಮಾತೂ ಗೊತ್ತು, ಆಸ್ಪತ್ರೆಯ ಕಾಗದದಲ್ಲಿ ಇತ್ತು. ಇಷ್ಟು ದಿನದಲ್ಲಿ ನನ್ನ ಮಗಳು ಆ ಮಾತು ಹೇಳಿದ್ದನ್ನು ನಾನು ಇವತ್ತೇ ಕೇಳಿದ್ದು. ಕನ್ನಡದಲ್ಲಿ ಆಗಲಿಲ್ಲ ಅವಳಿಗೆ. ಹೇಳಿ ಮುಗಿಸಿ ಕುರ್ಚಿಯಲ್ಲೇ ಮಡಚಿಕೊಂಡಳು, ಹೊಟ್ಟೆನೋವು ಬಂದವರ ಹಾಗೆ. ಶಬ್ದ ಬರಲಿಲ್ಲ ಮೊದಲು, ಆಮೇಲೆ ಬಂತು. ಪಕ್ಕದ ರೂಮಿನ ಹುಡುಗರು ಎದ್ದು ನಿಂತರು.

ನಾನು ಒಂದು ಕೈ ಅವಳ ಬೆನ್ನ ಮೇಲಿಟ್ಟೆ. ಇನ್ನೊಂದು ಕೈ ಎತ್ತಿ ಆ ಕ್ಯಾಮೆರಾದ ಮುಂದೆ ಹಿಡಿದೆ. ಈ ಕಡೆ, ಆ ಕಡೆ ತಿರುಗಿಸಿ ತೋರಿಸಿದೆ. ಗಾಯವನ್ನೂ ತೋರಿಸಿದೆ. ನೋಡಿಕೊಳ್ಳಲಿ ಅಂತ.

ಸಾರಿ ಅಂದ ಅವನು. ಎರಡು ಸಲ ಅಂದ.

ಗಾಂಧಿ ಬಜಾರಿನಲ್ಲಿ ನಡೆದುಕೊಂಡೇ ಬಂದೆವು. ಯಶುವಿಗೆ ದೋಸೆ ಕೊಡಿಸಿದೆ. ಎರಡು ತಿಂದಳು. ಸಾಗು ಖಾರ ಇತ್ತು.


23 ಅಕ್ಟೋಬರ್, ಸೋಮವಾರ

ದೀಪಾವಳಿ ಕಳೆಯಿತು. ಬೀದಿಯಲ್ಲಿ ಪಟಾಕಿ ಕಾಗದ ಇನ್ನೂ ಗುಡಿಸಿಲ್ಲ.

ರಾಘವ ಬಂದಿದ್ದ. ಕಂಪನಿ ಉಳಿಯಿತಂತೆ. ಆ ಬಿಳಿಯ, ಇದು ನಾಟಕ ಅಲ್ಲ, ನನಗೆ ನಂಬಿಕೆ ಬಂದಿದೆ ಅಂತ ತನ್ನ ಮೇಲಿನವರಿಗೆ ಬರೆದನಂತೆ. ಆದರೆ ಮೇಲಿನವರದು ಒಂದು ನಿಯಮ. ಹಾಕಿದವರು ಯಾರೋ ಅವರು ಇರುವಂತಿಲ್ಲ.

"ನಾನು ಬೇಡ್ಕೊಂಡೆ ಅಮ್ಮ. ನಿಜವಾಗ್ಲೂ. ಬೇರೆ ಕಡೆ ನಾನೇ ಹೇಳಿ ಸೇರಿಸ್ತೀನಿ. ಜಯನಗರದಲ್ಲಿ ನಮ್ಮ ಸ್ನೇಹಿತ್ರದ್ದು ಒಂದಿದೆ, ಕಾರ್ಟೂನ್ ಮಾಡ್ತಾರೆ."

"ಅಲ್ಲಿ ಪಾಚಿ ಇರತ್ತಾ ಸಾರ್?" ಅಂದಳು ಯಶು. ಅವನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಅವನು ಹೋಗುವಾಗ ನಾನು, "ನೀವು ಏನೂ ಮಾಡೋ ಹಾಗಿರ್ಲಿಲ್ಲ, ಬಿಡಿಪ್ಪ" ಅಂದೆ. ಈ ಸಲ ಕಾಫಿ ಕುಡಿದ.

ಫೋನು ಬಂತು. ಯಶುವೇ ತೆಗೆದುಕೊಂಡಳು. "ಇಲ್ಲ, ಅವ್ರು ತೀರ್ಕೊಂಡ್ರು. ಜುಲೈಯಲ್ಲಿ. ಇರ್ಲಿ ಬಿಡಿ, ನಿಮ್ಗೆ ಗೊತ್ತಿರ್ಲಿಲ್ವಲ್ಲ." ಪ್ರೆಸ್ಸಿನ ನಂಬರು ಕೊಟ್ಟಳು.


29 ಅಕ್ಟೋಬರ್, ಭಾನುವಾರ

ಸರಸ್ವತಕ್ಕನ ಮನೆಗೆ ಹೋಗಿದ್ದೆವು. ಅಕ್ಕ ಒಬ್ಬಟ್ಟು ಮಾಡಿಕೊಟ್ಟರು, ನಿಮ್ಮ ಮನೇಲಿ ಮಾಡೋ ಹಾಗಿಲ್ಲ, ತಿನ್ನೋದಕ್ಕೇನು ಅಂತ. ಆಫೀಸಿನಲ್ಲಿ ಕ್ಯಾಮೆರಾ ಮುಂದೆ ಕೈ ಎತ್ತಿ ತೋರಿಸಿದ್ದನ್ನು ಹೇಳಿದೆ. ಅಕ್ಕ ನನ್ನ ಕೈ ತೆಗೆದುಕೊಂಡು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಕೂತರು.

ಮಂಜ ಈಗಲೂ ಆ ಅಭಿಮಾನಿಗಳ ಕಟ್ಟೆಗೆ ಹೋಗುತ್ತಾನಂತೆ. "ಚಿಕ್ಕಮ್ಮ, ಬನ್ನಿ ಒಂದ್ನಿಮಿಷ" ಅಂತ ಕರೆದ. ಯಶುವೂ ಬಂದಳು.

ವಿದೇಶದ ಕಂಪನಿಯವರು ಎರಡು ಸಾಲು ಹಾಕಿದ್ದಾರೆ. ಇದು ಒಂದು ಆಫೀಸಿನ ಪೂಜೆಯ ಚಿತ್ರ, ಆ ಕೈ ಅಲ್ಲಿನ ಕೆಲಸಗಾರರೊಬ್ಬರ ತಾಯಿಯದು, ಗಂಡನನ್ನು ಕಳೆದುಕೊಂಡವರು, ದಯವಿಟ್ಟು ಹಂಚಬೇಡಿ ಅಂತ. ಒಳ್ಳೆಯ ಮಾತೇ.

ಅದರ ಕೆಳಗೆ ನೂರಾರು ಜನ ಬರೆದಿದ್ದಾರೆ. ಮಂಜ ಓದಲು ಹಿಂದೆಮುಂದೆ ನೋಡಿದ. ಓದಪ್ಪ ಅಂದೆ. ಈಗ ವಿಧವೆಯನ್ನೂ ತಂದರು. ಕಥೆ ಬರೆಯುವವರನ್ನು ಚೆನ್ನಾಗಿಯೇ ಇಟ್ಟುಕೊಂಡಿದ್ದಾರೆ. ಆ ಹೆಂಗಸಿಗೆ ಎಷ್ಟು ಕೊಟ್ಟರಂತೆ? ಮುಂದಿನ ವಾರ ಅನಾಥ ಮಗು ಬರುತ್ತೆ ನೋಡ್ತಿರಿ.

ಯಶು ಅವನ ಕೈಯಿಂದ ಮೌಸ್ ಕಿತ್ತುಕೊಂಡಳು. "ಮುಚ್ಚೋ ಇದನ್ನ. ಇವ್ರಿಗೆ ಅಪ್ಪನ ಡೆತ್ ಸರ್ಟಿಫಿಕೇಟ್ ತೋರಿಸಿದ್ರೂ ಪ್ರೆಸ್ಸಲ್ಲಿ ಮಾಡಿಸಿದ್ದು ಅಂತಾರೆ."

"ಅಪ್ಪನ ಪ್ರೆಸ್ಸಲ್ಲಿ ಮಾಡಿಸಿದ್ರೆ ಅಷ್ಟು ಕೆಟ್ಟದಾಗಿ ಇರ್ತಿರ್ಲಿಲ್ಲ" ಅಂದೆ. ಮಂಜ ಮೊದಲು ನಕ್ಕ. ಆಮೇಲೆ ಯಶು. ಒಳಗಿನಿಂದ ಅಕ್ಕ, ಏನ್ರೇ ಅದು ನಗು ಅಂತ ಕೂಗಿದರು. ನನಗೂ ನಗು ಬಂದಿತ್ತು.

ಮಂಜ ಆಗ, "ಒಬ್ಬ ಮಾತ್ರ ಬೇರೆ ಥರ ಬರೆದಿದಾನೆ, ಅದಕ್ಕೇ ಕರೆದಿದ್ದು" ಅಂತ ಇನ್ನೂ ಕೆಳಗೆ ಹೋದ. ದಾವಣಗೆರೆಯವನಂತೆ. ಹೆಸರಿಲ್ಲ, ಏನೋ ಅಡ್ಡಹೆಸರು, ಜೊತೆಗೆ ಅಂಕಿಗಳು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಾನೆ, ಅಲ್ಲಿರುವ ಬೇರೆಯವರಿಗೆ ತಿಳಿಯದಿರಲಿ ಅನ್ನುವಂತೆ. ಮಂಜ ಓದಿದ.

"ಬಳೆ ಮರೆತಿದ್ದಲ್ಲ ಕಣ್ರೋ. ಬಳೆ ತೆಗೆದ ಕೈ ಅದು. ಮಣಿಕಟ್ಟಿನ ಹತ್ರ ಬಣ್ಣ ಬೇರೆ ಇದೆ ನೋಡಿ. ಬಿಸಿಲು ಬೀಳದೆ ಇರೋ ಜಾಗ. ನಮ್ಮಮ್ಮನ ಕೈ ಎರಡು ವರ್ಷದಿಂದ ಹಿಂಗೇ ಐತಿ. ಬಿಟ್ಬಿಡ್ರಿ."

ಅದಕ್ಕೆ ಯಾರೋ ಬೆಂಗಳೂರಿನವನು ಉತ್ತರ ಕೊಟ್ಟಿದ್ದಾನೆ. ನಿಂಗೆಷ್ಟು ಕೊಟ್ರು ಗುರು ಕಂಪನಿಯವ್ರು? ಆಮೇಲೆ ದಾವಣಗೆರೆಯವನು ಏನೂ ಬರೆದಿಲ್ಲ.

ನಾನು ನನ್ನ ಕೈ ನೋಡಿಕೊಂಡೆ. ಹೌದು, ಬಣ್ಣ ಬೇರೆ ಇದೆ. ಮೂವತ್ತು ವರ್ಷ ಬಳೆಯ ಕೆಳಗಿದ್ದ ಚರ್ಮ. ಇಷ್ಟು ದಿನ ಮುಚ್ಚಿಕೊಂಡು ಓಡಾಡಿದವಳಿಗೇ ಅದು ಕಂಡಿರಲಿಲ್ಲ. ಎಲ್ಲೋ ಕೂತಿರುವವನಿಗೆ ಕಂಡಿದೆ.

"ಅವನೊಬ್ಬನಿಗೇ ಹೋಗೋ ಹಾಗೆ ಬರೀಬಹುದೇನಪ್ಪ?"

"ಬರೀಬಹುದು ಚಿಕ್ಕಮ್ಮ. ಏನು ಬರೀಲಿ?"

"ನಿಮ್ಮ ತಾಯಿ ಹೇಗಿದ್ದಾರೆ ಅಂತ ಕೇಳು."

ಮಂಜ ಬರೆದ. ನಾವು ಒಬ್ಬಟ್ಟು ತಿಂದೆವು. ಹೊರಡುವ ಹೊತ್ತಿಗೆ ಮಂಜ ಕೂಗಿದ, ಉತ್ತರ ಬಂದಿತ್ತು. ಚೆನ್ನಾಗಿದಾರೆ. ತಾವ್ಯಾರು?

ಯಶು ಹೋಗಿ ಕುರ್ಚಿಯಲ್ಲಿ ಕೂತಳು. ಕೀಬೋರ್ಡಿನ ಮೇಲೆ ಬೆರಳು ಇಟ್ಟುಕೊಂಡು ನನ್ನ ಕಡೆ ತಿರುಗಿದಳು.

"ಏನಂತ ಹೇಳ್ಲಮ್ಮ? ನಿಜ ಹೇಳಿದ್ರೆ ಇವನೂ ನಂಬ್ತಾನೋ ಇಲ್ವೋ. ಯಾರೋ ಆಟ ಆಡಿಸ್ತಿದಾರೆ ಅನ್ಕೋತಾನೆ."

"ನಂಬದಿದ್ರೆ ಬಿಡ್ಲಿ. ನೀನು ಬರಿ, ಆ ಕೈ ನಂದು ಅಂತ."

ಬರೆದಳು.